ಅಮ್ಮಾ, ಕಾಲು ಕೆ.ಜಿ. ಪುಡಿ ಸಾಕು

ಮಾಲ್ಟನ್ (ಕೆನಡಾ): ನಮ್ಮ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಒಂದು ಕಾಲಕ್ಕೆ ಅರ್ಧರ್ಧ ಕೆ.ಜಿ.ಯ ಏಳು ಕಾಫಿ ಪುಡಿ ಪೊಟ್ಟಣಗಳಿದ್ದವು. ಹಾಸನದ ಅಂಗಡಿಯ ಕಾಗದದ ಚೀಲ, ಅದರ ಮೇಲೆ ಪ್ಲಾಸ್ಟಿಕ್ ಕವರ್, ಅದರ ಮೇಲೆ ಅಮ್ಮನ ಹಳೆಯ ವಾಯಿಲ್ ಸೀರೆಯ ತುಂಡು, ಸುತ್ತಲೂ ರಬ್ಬರ್ ಬ್ಯಾಂಡ್. ಟೊರಾಂಟೊ ಕಡೆಗೆ ಯಾರು ವಿಮಾನ ಹತ್ತಿದರೂ ಅವರ ಸೂಟ್‌ಕೇಸಿನಲ್ಲಿ ನಮ್ಮ ಮನೆಗೊಂದು ಪೊಟ್ಟಣ ಬರುತ್ತಿತ್ತು. ಪರಿಚಯದವರ ಮಗ, ಆ ಮಗನ ಸ್ನೇಹಿತ, ಸ್ನೇಹಿತನ ಅತ್ತೆ, ಅಮ್ಮ ಯಾರನ್ನೂ ಬಿಟ್ಟವಳಲ್ಲ.

"ಪುಡಿ ಹೇಗಿದೆಯೋ?" ಎಂದು ಫೋನಿನಲ್ಲಿ ಕೇಳುತ್ತಿದ್ದಳು.

"ತುಂಬಾ ಚೆನ್ನಾಗಿದೆ ಅಮ್ಮ. ಮನೆಯೆಲ್ಲ ಘಮ್ ಅಂತಿದೆ" ಎನ್ನುತ್ತಿದ್ದೆ.

ಅದು ಸುಳ್ಳು. ಪುಡಿಯಲ್ಲಿ ಘಮವೇ ಇರಲಿಲ್ಲ. ಡಿಕಾಕ್ಷನ್ ಕಪ್ಪಗೆ ಇಳಿಯುತ್ತಿತ್ತು, ಕಹಿಯೂ ಇರುತ್ತಿತ್ತು, ಆದರೆ ಹಳೇ ಎಣ್ಣೆಯ ಕಮಟು ವಾಸನೆ. ಚಳಿಗಾಲದ ಒಂದು ಶನಿವಾರ ಎರಡು ಪೊಟ್ಟಣಗಳನ್ನು ಹಸಿ ಕಸದ ಹಸಿರು ಡಬ್ಬಿಗೆ ಸುರಿದು ಬಂದೆ. ಸೀರೆಯ ತುಂಡುಗಳನ್ನು ಮಾತ್ರ ಎಸೆಯಲು ಮನಸ್ಸಾಗದೆ ತೊಳೆದು ಮಡಿಚಿಟ್ಟೆ.

ಮಕ್ಕಳು ಹೊರದೇಶದಲ್ಲಿರುವ ಅನೇಕ ತಂದೆ ತಾಯಂದಿರು ಈಗಲೂ ಹೀಗೆ ಪೊಟ್ಟಣ ಕಟ್ಟುತ್ತಿರಬಹುದು. ಈ ಲೇಖನ ಅವರಿಗಾಗಿ. ಅಮ್ಮನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ವಿಮಾನದ ಸದ್ದು, ಚಹಾದ ಊರು

ಮಾಲ್ಟನ್ ಎಂದರೆ ಮಿಸ್ಸಿಸಾಗಾ ನಗರದ ಈಶಾನ್ಯ ಮೂಲೆ. ಟೊರಾಂಟೊದ ಪಿಯರ್ಸನ್ ವಿಮಾನ ನಿಲ್ದಾಣ ನಮ್ಮ ಹಿತ್ತಲಿದ್ದಂತೆ. ಮೊದಲಿಗೆ ಅದರ ಹೆಸರೇ ಮಾಲ್ಟನ್ ಏರ್‌ಪೋರ್ಟ್. ಮಾಜಿ ಪ್ರಧಾನಿ ಲೆಸ್ಟರ್ ಪಿಯರ್ಸನ್ ಅವರ ಹೆಸರಿಟ್ಟದ್ದು 1984ರಲ್ಲಿ. ನಿಮ್ಮ ಮಕ್ಕಳ ಸೂಟ್‌ಕೇಸಿಗೆ ಅಂಟಿಸುವ ಚೀಟಿಯಲ್ಲಿ 'ವೈವೈಝಡ್' ಎಂದು ಇರುತ್ತದಲ್ಲ, ಅದರ ಕೊನೆಯ ಎರಡಕ್ಷರ ಹಿಂದೆ ಮಾಲ್ಟನ್ ರೈಲು ನಿಲ್ದಾಣದ ತಂತಿ ಸಂಕೇತವಾಗಿತ್ತಂತೆ. ಹಾಗಾಗಿ ಅಮ್ಮನ ಪುಡಿ ಹಾಸನ ಬಿಡುವಾಗಲೇ ಅದರ ಮೇಲೆ ನಮ್ಮ ಊರಿನ ಗುರುತು ಬಿದ್ದಿರುತ್ತಿತ್ತು.

ನಾನು ಬಂದದ್ದು 2011ರ ನವೆಂಬರ್‌ನಲ್ಲಿ. ಹಾಸನದಲ್ಲಿ ಬಿ.ಕಾಂ., ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮಾಡಿ ಸಿ.ಎ. ಮುಗಿಸಿದ್ದೆ. ಇಲ್ಲಿ ಬಂದ ಮೇಲೆ ಮತ್ತೆ ಪರೀಕ್ಷೆಗಳು. ಅವು ಮುಗಿಯುವವರೆಗೆ ಲಾರಿ ಸಾಗಣೆ ಕಂಪನಿಯೊಂದರಲ್ಲಿ ಬಿಲ್ಲು ಬರೆಯುವ ಕೆಲಸ, ಡೆರಿ ರೋಡಿಗೆ ಹತ್ತಿರದ ಮನೆಯೊಂದರ ಬೇಸ್‌ಮೆಂಟಿನಲ್ಲಿ ಬಾಡಿಗೆ ವಾಸ. ಮೇಲಿನ ಮಹಡಿಯಲ್ಲಿ ಮನೆ ಮಾಲೀಕರು, ಜಲಂಧರ್ ಕಡೆಯ ಹಿರಿಯರು.

ಮಾಲ್ಟನ್‌ನಲ್ಲಿ ಪಂಜಾಬಿಗಳು ಹೆಚ್ಚು. ಏರ್‌ಪೋರ್ಟ್ ರೋಡಿನಲ್ಲಿ ದೊಡ್ಡ ಗುರುದ್ವಾರವಿದೆ. ಗೋರ್‌ವೇ ಡ್ರೈವ್‌ನ ಅಂಗಡಿಗಳಲ್ಲಿ ಬೆಂಡೆಕಾಯಿ, ಮೆಂತ್ಯ ಸೊಪ್ಪು, ಬೆಲ್ಲ ಎಲ್ಲವೂ ಸಿಗುತ್ತದೆ. ಆದರೆ ಇದು ಚಹಾದ ಊರು. ಶುಂಠಿ, ಏಲಕ್ಕಿ ಹಾಕಿ ಕುದಿಸಿದ ಚಹಾ ಯಾರ ಮನೆಗೆ ಹೋದರೂ ಕೈಗೆ ಬರುತ್ತದೆ. ಕಾಫಿ ಬೇಕೆಂದರೆ ಕೆನಡಾದವರ ಕಾಫಿ. ಟಿಮ್ ಹಾರ್ಟನ್ ಎಂಬ ಹಾಕಿ ಆಟಗಾರ 1964ರಲ್ಲಿ ಹ್ಯಾಮಿಲ್ಟನ್‌ನಲ್ಲಿ ಶುರು ಮಾಡಿದ ಅಂಗಡಿ ಈಗ ಬೀದಿಗೊಂದು. ಅಲ್ಲಿ 'ಡಬಲ್ ಡಬಲ್' ಎಂದರೆ ಸಾಕು, ಎರಡು ಪಾಲು ಕ್ರೀಂ, ಎರಡು ಪಾಲು ಸಕ್ಕರೆಯ ಕಾಫಿ ಬರುತ್ತದೆ. ಆ ಮಾತು 2004ರಲ್ಲಿ ಕೆನಡಿಯನ್ ಆಕ್ಸ್‌ಫರ್ಡ್ ನಿಘಂಟಿಗೂ ಸೇರಿತು. ಮೈನಸ್ 20 ಡಿಗ್ರಿ ಚಳಿಯಲ್ಲಿ ಬಸ್ಸಿಗೆ ಕಾಯುವಾಗ ಅದು ನನ್ನ ಕೈ ಬೆಚ್ಚಗಿಟ್ಟಿದೆ, ಅದನ್ನು ಹಳಿಯುವುದಿಲ್ಲ. ಆದರೆ ಬೆಳಿಗ್ಗೆ ಎದ್ದಾಗ ನಾಲಿಗೆ ಕೇಳುವುದು ಅದನ್ನಲ್ಲ.

ಲೆಕ್ಕಿಗನ ತಪ್ಪು

ಪುಡಿ ಯಾಕೆ ಕೆಡುತ್ತಿತ್ತು? ಅರ್ಧ ತಪ್ಪು ನನ್ನ ಓದಿನದೇ. ಮೊದಲು ಬಂದ ಸರಕು ಮೊದಲು ಖರ್ಚಾಗಬೇಕು ಎಂಬುದು ನಮಗೆ ಕಲಿಸಿದ ದಾಸ್ತಾನಿನ ಪಾಠ. ಪ್ರತಿ ಪೊಟ್ಟಣದ ಮೇಲೂ ಬಂದ ತಾರೀಖು ಬರೆದು ಹಳೆಯದನ್ನು ಮುಂದೆ, ಹೊಸದನ್ನು ಹಿಂದೆ ಇಡುತ್ತಿದ್ದೆ. ನಮ್ಮಿಬ್ಬರಿಗೆ ತಿಂಗಳಿಗೆ ಅರ್ಧ ಕೆ.ಜಿ. ಬೇಕು. ಕಪಾಟಿನಲ್ಲಿ ಏಳು ಪೊಟ್ಟಣವಿದ್ದರೆ ಇವತ್ತು ಬಂದ ತಾಜಾ ಪುಡಿಯ ಸರದಿ ಬರುವುದು ಏಳು ತಿಂಗಳ ನಂತರ! ಅಂದರೆ ಊರಿನಿಂದ ಎಷ್ಟೇ ತಾಜಾ ಪುಡಿ ಬಂದರೂ ನಾವು ಕುಡಿಯುತ್ತಿದ್ದದ್ದು ಯಾವಾಗಲೂ ಏಳು ತಿಂಗಳ ಹಳೆಯದನ್ನೇ. ಲೆಕ್ಕ ಸರಿಯಾಗಿತ್ತು, ಕಾಫಿ ಕೆಟ್ಟಿತ್ತು.

ಉಳಿದರ್ಧ ತಪ್ಪು ಕಾಫಿಯ ಸ್ವಭಾವದ್ದು. ಹುರಿಯದ ಬೀಜವನ್ನು ಒಣ ಜಾಗದಲ್ಲಿಟ್ಟರೆ ತಿಂಗಳುಗಟ್ಟಲೆ ಏನೂ ಆಗುವುದಿಲ್ಲ. ಹುರಿದ ಮೇಲೆ ಅದರ ಆಯುಸ್ಸು ವಾರಗಳ ಲೆಕ್ಕ. ಬೀಸಿದ ಮೇಲೆ ಇನ್ನೂ ಕಡಿಮೆ. ಒಂದು ಬೀಜ ಸಾವಿರ ಚೂರಾದಾಗ ಗಾಳಿ ತಾಗುವ ಮೈ ಅಷ್ಟೂ ಹೆಚ್ಚುತ್ತದೆ, ಘಮ ಹಾರಿಹೋಗುತ್ತದೆ, ಬೀಜದೊಳಗಿನ ಎಣ್ಣೆ ಕಮಟಾಗುತ್ತದೆ. ಚಿಕೋರಿ ಬೆರೆತಿದ್ದರೆ ಮತ್ತೊಂದು ತೊಂದರೆ. ಅದು ತೇವವನ್ನು ಎಳೆದುಕೊಂಡು ಪುಡಿಯನ್ನು ಗಂಟು ಕಟ್ಟಿಸುತ್ತದೆ. ಆಗ ಫಿಲ್ಟರಿನಲ್ಲಿ ನೀರು ಇಳಿಯುವುದೇ ಇಲ್ಲ.

ಅಮ್ಮ ಬಂದಳು

2017ರ ಮೇ ತಿಂಗಳಲ್ಲಿ ಅಮ್ಮ ಬಂದಳು. ಜೊತೆಗೆ ಮತ್ತೆರಡು ಪೊಟ್ಟಣ. ಮರುದಿನ ಬೆಳಿಗ್ಗೆ ಅಭ್ಯಾಸಬಲದಿಂದ ಕಪಾಟಿನ ಮುಂದಿನ ಪೊಟ್ಟಣದಿಂದಲೇ ಡಿಕಾಕ್ಷನ್ ಹಾಕಿ ಲೋಟ ಕೊಟ್ಟೆ. ಒಂದು ಗುಟುಕು ಕುಡಿದು ಕೆಳಗಿಟ್ಟಳು.

"ಇದು ಯಾವ ಪುಡಿನೋ?"

"ನೀನು ಕಳಿಸಿದ್ದೇ ಅಮ್ಮ."

ಎದ್ದು ಬಂದು ಕಪಾಟು ತೆಗೆದಳು. ಪೊಟ್ಟಣ ಮೂಸಿದಳು, ಬೆರಳಲ್ಲಿ ಪುಡಿ ಉಜ್ಜಿ ನೋಡಿದಳು. ಮೇಲೆ ನನ್ನದೇ ಅಕ್ಷರದಲ್ಲಿ '2016 ಅಕ್ಟೋಬರ್' ಎಂದಿತ್ತು. ಹಿಂದಿನ ಸಾಲನ್ನೂ ಒಂದೊಂದಾಗಿ ಎಣಿಸಿದಳು. ಏನೂ ಹೇಳಲಿಲ್ಲ. ಆ ಇಡೀ ದಿನ ಅವಳು ಮಾತಾಡಿದ್ದು ಮೊಮ್ಮಗಳ ಜೊತೆ ಮಾತ್ರ.

ರಾತ್ರಿ ಊಟವಾದ ಮೇಲೆ ಕೇಳಿದಳು: "ಆರು ವರ್ಷದಿಂದ ಚೆನ್ನಾಗಿದೆ ಅಂತಲೇ ಹೇಳ್ತಿದ್ದೆಯಲ್ಲೋ?"

ಏನು ಹೇಳಲಿ? "ಮಂಡಿ ನೋವು ಅಂತೀಯ. ಅಂಗಡಿವರೆಗೆ ನಡೆದು ಹೋಗಿ ತಂದು ಕಳಿಸ್ತೀಯ. ಚೆನ್ನಾಗಿಲ್ಲ ಅಂತ ಹೇಗೆ ಹೇಳೋದು?" ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ನಾನು ಪುಡಿಗೆ ಅಂತಲೇ ಹೋಗ್ತಿರಲಿಲ್ಲ ಕಣೋ. ಅಪ್ಪ ಹೋದ ಮೇಲೆ ಮನೇಲಿ ನಾನೊಬ್ಬಳು, ನನಗೆ ಎಷ್ಟು ಪುಡಿ ಬೇಕು? ಅಂಗಡಿಗೆ ಹೋದರೆ ಅವನು ಕೇಳ್ತಾನೆ, 'ಕೆನಡಾಕ್ಕಾ ಅಮ್ಮ? ಮಗ ಹೇಗಿದ್ದಾರೆ?' ಅಂತ. ಅಷ್ಟು ಕೇಳೋರು ಮತ್ತೆ ಯಾರಿದ್ದಾರೆ?"

ಪುಡಿ ಕಳಿಸಬೇಡ ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತೆಂದು ಆಗ ಅರ್ಥವಾಯಿತು. ಹೇಳದೇ ಇದ್ದದ್ದೂ ಸರಿಯಲ್ಲ ಎಂಬುದೂ ಅರ್ಥವಾಯಿತು.

ಬಾಣಲೆ, ಹೊಗೆ, ಸರ್ದಾರ್ಜಿ

ಮಾರನೆಯ ದಿನ ಅಮ್ಮನೇ ದಾರಿ ತೋರಿಸಿದಳು. ಅವಳ ತವರು ಸಕಲೇಶಪುರದ ಕಡೆ. ಅಜ್ಜ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದರು. ಆಗ ತೋಟದ ಬೆಳೆಯನ್ನೆಲ್ಲ ಕಾಫಿ ಬೋರ್ಡಿಗೆ ಒಪ್ಪಿಸಬೇಕಿತ್ತು, ಮನೆ ಬಳಕೆಗೆ ಸ್ವಲ್ಪ ಇಟ್ಟುಕೊಳ್ಳಬಹುದಿತ್ತು. ಆ ವ್ಯವಸ್ಥೆ ಪೂರ್ತಿ ಹೋದದ್ದು 1996ರ ಹೊತ್ತಿಗೆ. "ನಮ್ಮನೇಲಿ ಪುಡಿ ಅಂತ ಯಾರೂ ತಿಂಗಳುಗಟ್ಟಲೆ ಇಡ್ತಿರಲಿಲ್ಲ. ಬೀಜ ಇರ್ತಿತ್ತು. ವಾರಕ್ಕೊಂದು ಸಲ ಹುರಿಯೋದು. ಬೆಳಿಗ್ಗೆ ಬೇಕಾದಷ್ಟು ಕೈಮೆಷಿನ್ನಲ್ಲಿ ಬೀಸೋದು. ಇಲ್ಲಿ ಬೀಜ ಸಿಗಲ್ವೇನೋ?" ಎಂದಳು.

ಹುಡುಕಿದರೆ ಸಿಕ್ಕಿತು. ಟೊರಾಂಟೊದಲ್ಲಿ ಹುರಿಯದ ಬೀಜ ಮಾರುವ ಅಂಗಡಿಗಳಿವೆ. ಹೆಸರು ನೋಡಿ ಆಸೆಯಾಗಿ ನಾನು 'ಮಾನ್ಸೂನ್ಡ್ ಮಲಬಾರ್' ತಂದೆ. ಬೆಳ್ಳಗೆ ಊದಿಕೊಂಡಿದ್ದ ಬೀಜ ನೋಡಿ ಅಮ್ಮ ಮುಖ ಸಿಂಡರಿಸಿ, "ಮುಗ್ಗಲು ಬೀಜಕ್ಕೆ ಡಾಲರ್ ಕೊಟ್ಟು ಬಂದಿದ್ದೀಯಲ್ಲೋ!" ಎಂದಳು.

ಅದು ಮುಗ್ಗಲಲ್ಲ. ಹಾಯಿಹಡಗಿನ ಕಾಲದಲ್ಲಿ ನಮ್ಮ ಕರಾವಳಿಯಿಂದ ಹೊರಟ ಬೀಜ ಯುರೋಪು ಮುಟ್ಟಲು ತಿಂಗಳುಗಳೇ ಬೇಕಿದ್ದವು. ಕಡಲ ತೇವ ಹೀರಿ ಬೀಜ ಊದಿ, ಬಣ್ಣ ಕಳೆದುಕೊಂಡು, ಹುಳಿ ಇಳಿದು ಬೇರೆಯೇ ರುಚಿಯಾಗುತ್ತಿತ್ತು. ಅಲ್ಲಿನವರಿಗೆ ಆ ರುಚಿ ಹಿಡಿಸಿತು. ಹಡಗುಗಳು ವೇಗವಾಗಿ, ಬೀಜ ಬೇಗ ತಲುಪತೊಡಗಿದಾಗ ಹಳೇ ರುಚಿಯೇ ಬೇಕೆಂದರು. ಅಂದಿನಿಂದ ಮಂಗಳೂರು ಕಡೆಯ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಬೀಜ ಹರವಿ ಅದನ್ನು ಬೇಕೆಂದೇ ಮಾಡುತ್ತಾರೆ. ಇದನ್ನು ಹೇಳಿದಾಗ ಅಮ್ಮ, "ಸರಿ, ದೂರ ಹೋದರೆ ಕಾಫಿಗೂ ಹೀಗೇ ಆಗುತ್ತೆ ಅನ್ನು" ಎಂದಳು. ಆದರೂ ತೊಳೆದು ಒಣಗಿಸಿದ ಅರೇಬಿಕಾ, ನಮ್ಮ ಕಡೆ 'ಪ್ಲಾಂಟೇಷನ್' ಎನ್ನುತ್ತಾರಲ್ಲ, ಅಂಥದ್ದನ್ನೇ ತರಿಸಿದಳು.

ಕಬ್ಬಿಣದ ಬಾಣಲೆಯಲ್ಲಿ ಹುರಿಯಲು ಕೂತೆವು. ಹತ್ತು ನಿಮಿಷವಾಗಿರಬೇಕು. ಬೀಜ ಚಟಪಟ ಸಿಡಿಯತೊಡಗಿತು, ಹೊಗೆ ಎದ್ದಿತು, ಚಾವಣಿಯ ಅಲಾರಂ ಕಿರುಚಿಕೊಂಡಿತು. ಮೇಲಿನಿಂದ ಮಾಲೀಕರು ಚಪ್ಪಲಿ ಕೂಡ ಹಾಕದೆ ಓಡಿ ಬಂದರು. ಬೈಯುತ್ತಾರೆಂದುಕೊಂಡೆ. ಅವರು ಬಾಣಲೆ ನೋಡಿ, ಅಮ್ಮನನ್ನು ನೋಡಿ, "ಮಾತಾಜಿ, ಬಾಹರ್ ಆಯಿಯೇ" ಎಂದು ಹಿತ್ತಲಲ್ಲಿದ್ದ ಗ್ಯಾಸಿನ ಬಾರ್ಬೆಕ್ಯೂ ಒಲೆ ಹೊತ್ತಿಸಿಕೊಟ್ಟರು. ಅಮ್ಮ ಸ್ವೆಟರ್, ಸಾಕ್ಸು ಹಾಕಿಕೊಂಡು ಅಲ್ಲಿ ನಿಂತು ಹುರಿದಳು. ತಲೆಯ ಮೇಲೆ ವಿಮಾನಗಳು ಇಳಿಯುತ್ತಿದ್ದವು. ಪ್ರತಿ ವಿಮಾನಕ್ಕೂ ತಲೆ ಎತ್ತಿ ನೋಡುತ್ತಿದ್ದಳು, ಕೈ ಮಾತ್ರ ನಿಲ್ಲಿಸಲಿಲ್ಲ.

ಹುರಿದ ಬೀಜವನ್ನು ಒಂದು ದಿನ ಬಿಟ್ಟು ಬೀಸಿದೆವು. ಹುರಿದ ಕೂಡಲೇ ಬೀಜದೊಳಗಿನಿಂದ ಅನಿಲ ಹೊರಬರುತ್ತಿರುತ್ತದೆ, ಆಗಲೇ ಡಿಕಾಕ್ಷನ್ ಹಾಕಿದರೆ ನೊರೆ ಎದ್ದು ನೀರು ಸಮನಾಗಿ ಇಳಿಯುವುದಿಲ್ಲ. ಮೂರನೆಯ ದಿನ ಬೆಳಿಗ್ಗೆ ಫಿಲ್ಟರಿನ ಮುಚ್ಚಳ ತೆಗೆದಾಗ ಬಂದ ಘಮ ಹಾಸನದ ನಮ್ಮ ಮನೆಯದು. ಸರ್ದಾರ್ಜಿಗೂ ಒಂದು ಲೋಟ ಹೋಯಿತು. "ಚಹಾಕ್ಕಿಂತ ಕಹಿ" ಎಂದರು. ಮರುದಿನ ಅದೇ ಹೊತ್ತಿಗೆ ಕೆಳಗಿಳಿದು ಬಂದರು.

ಈಗ ನಾವು ಮಾಡುವ ಬಗೆ

ಪ್ರತಿ ವಾರ ಹುರಿಯುವುದು ಕೆಲಸಕ್ಕೆ ಹೋಗುವವರಿಗೆ ಆಗದ ಮಾತು. ಚಳಿಗಾಲದಲ್ಲಂತೂ ಹಿತ್ತಲೇ ಹಿಮದಡಿ ಇರುತ್ತದೆ. ಆದ್ದರಿಂದ ಈಗ ಇಲ್ಲಿಯೇ ಹುರಿದು ಮಾರುವ ಅಂಗಡಿಯಿಂದ ಎರಡು ವಾರಕ್ಕೆ ಸಾಕಾಗುವಷ್ಟು ಇಡೀ ಬೀಜ ತರುತ್ತೇವೆ. ಚೀಲದ ಮೇಲೆ ಹುರಿದ ತಾರೀಖು ಬರೆದಿರಬೇಕು, ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ. ಮುಕ್ಕಾಲು ಪಾಲು ಅರೇಬಿಕಾ, ಕಾಲು ಪಾಲು ರೋಬಸ್ಟಾ. ಅರೇಬಿಕಾ ಘಮಕ್ಕೆ, ರೋಬಸ್ಟಾ ಗಟ್ಟಿತನಕ್ಕೆ. ಇಟಲಿಯವರ ಅಂಗಡಿಗಳಲ್ಲಿ ರೋಬಸ್ಟಾ ಬೆರೆತ ಬೀಜ ಸುಲಭವಾಗಿ ಸಿಗುತ್ತದೆ. ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ರಫ್ತಾಗುತ್ತದೆ, ಅತಿ ದೊಡ್ಡ ಗಿರಾಕಿ ಇಟಲಿ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಆ ಚೀಲದಲ್ಲಿ ಕೊಡಗಿನ ಬೀಜವೂ ನಾಲ್ಕಿರಬಹುದು ಎಂದುಕೊಂಡು ತರುತ್ತೇನೆ.

ಬೀಸುವ ಹದ ಸಣ್ಣ ರವೆಗಿಂತ ನುಣುಪು, ಕುಂಕುಮದಷ್ಟು ನುಣುಪಲ್ಲ. ಚಿಕೋರಿಯನ್ನು ಬೇರೆ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟು, ಡಿಕಾಕ್ಷನ್ ಹಾಕುವಾಗ ಮಾತ್ರ ಸೇರಿಸುತ್ತೇವೆ. ನೂರು ಗ್ರಾಂ ಮಿಶ್ರಣದಲ್ಲಿ ಹದಿನೈದು ಗ್ರಾಂ ಚಿಕೋರಿ ನಮಗೆ ಹಿತ. ಭಾರತದ ಆಹಾರ ನಿಯಮದ ಪ್ರಕಾರ ಇಂಥ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದು. ಅಂದರೆ ಅಗ್ಗದ ಪುಡಿಯಲ್ಲಿ ಅರ್ಧದ ಹತ್ತಿರ ಚಿಕೋರಿಯೇ ಇರಬಹುದು. ಕೊಳ್ಳುವಾಗ ಚೀಟಿ ಓದಿ.

ಎರಡು ದೊಡ್ಡ ಲೋಟಕ್ಕೆ ಸುಮಾರು 20 ಗ್ರಾಂ ಪುಡಿ. ಚಳಿಗಾಲದಲ್ಲಿ ಸ್ಟೀಲ್ ಫಿಲ್ಟರ್ ಮಂಜಿನಂತೆ ತಣ್ಣಗಿರುತ್ತದೆ. ಅದಕ್ಕೆ ಹಾಕಿದ ನೀರು ತಕ್ಷಣ ಆರಿ ಡಿಕಾಕ್ಷನ್ ತೆಳ್ಳಗಾಗುತ್ತದೆ. ಮೊದಲು ಬಿಸಿನೀರಲ್ಲಿ ಫಿಲ್ಟರನ್ನು ತೊಳೆದು ಒರೆಸಿ, ಆಮೇಲೆ ಪುಡಿ ಹಾಕಿ, ಬಿಲ್ಲೆಯಿಂದ ಮೆಲ್ಲಗೆ ಒತ್ತಿ. ಕುದಿ ನಿಂತ ಅರೆ ನಿಮಿಷಕ್ಕೆ ನಾಲ್ಕು ಚಮಚ ನೀರು ಹನಿಸಿ ಪುಡಿ ಅರಳಲು ಬಿಟ್ಟು, ಬಳಿಕ ಉಳಿದ ನೀರು ಹಾಕಿ. ಒಟ್ಟು 120ರಿಂದ 150 ಮಿ.ಲೀ. ಇಪ್ಪತ್ತು ನಿಮಿಷ ಫಿಲ್ಟರನ್ನು ಮುಟ್ಟಬೇಡಿ, ತಟ್ಟಬೇಡಿ.

ಫಿಲ್ಟರಿನ ತೂತು ಕಟ್ಟಿದರೆ ಊರಲ್ಲಿ ಒಲೆಯ ಉರಿಗೆ ಹಿಡಿಯುತ್ತೇವೆ. ಇಲ್ಲಿ ಹಲವು ಮನೆಗಳಲ್ಲಿ ಕರೆಂಟಿನ ಒಲೆ, ಉರಿಯೇ ಇಲ್ಲ. ಅಡಿಗೆ ಸೋಡಾ ಹಾಕಿದ ನೀರಲ್ಲಿ ಹತ್ತು ನಿಮಿಷ ಕುದಿಸಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದರೆ ಸರಿಹೋಗುತ್ತದೆ.

ಇಲ್ಲಿನ ಹಾಲು ಸರಿಯಿಲ್ಲ ಎಂಬ ದೂರು ನಮ್ಮವರಲ್ಲಿ ಬಹಳ. ಒಂಟಾರಿಯೊದಲ್ಲಿ ನಾಲ್ಕು ಲೀಟರ್ ಹಾಲು ಮೂರು ಪ್ಲಾಸ್ಟಿಕ್ ಚೀಲಗಳಲ್ಲಿ ಬರುತ್ತದೆ. ಅದರಲ್ಲಿ ಶೇ 3.25 ಕೊಬ್ಬಿನದನ್ನು ತೆಗೆದುಕೊಳ್ಳಿ. ನಂದಿನಿಯ ನೀಲಿ ಪ್ಯಾಕೆಟ್ಟಿನಲ್ಲಿರುವುದು ಶೇ 3. ಹಾಗಾಗಿ ಕೊಬ್ಬು ಕಡಿಮೆ ಎಂಬ ಮಾತು ನಿಲ್ಲುವುದಿಲ್ಲ. ಇಲ್ಲಿನ ಹಾಲಿನಲ್ಲಿ ಕೊಬ್ಬನ್ನು ಸಣ್ಣ ಹನಿಗಳಾಗಿ ಒಡೆದು ಬೆರೆಸಿರುವುದರಿಂದ ಕೆನೆ ಕಟ್ಟುವುದಿಲ್ಲ, ಅಷ್ಟೇ. ಅದನ್ನು ಮತ್ತೆ ಮತ್ತೆ ಕುದಿಸಿದರೆ ಸೀದ ರುಚಿ ಬರುತ್ತದೆ. ಒಂದೇ ಸಲ, ಉಕ್ಕುವ ಮುಂಚೆ ಇಳಿಸಿ.

ಇನ್ನು ಖರ್ಚಿನ ಮಾತು. ನಮ್ಮ ಮನೆಯ ಲೆಕ್ಕದಲ್ಲಿ ಹಾಲು, ಸಕ್ಕರೆ ಸೇರಿ ಒಂದು ಲೋಟಕ್ಕೆ 60 ಸೆಂಟ್ ಆಸುಪಾಸು. ಹೊರಗೆ ಕುಡಿದರೆ ಅದರ ಮೂರು ಪಟ್ಟಿಗೆ ಕಡಿಮೆಯಿಲ್ಲ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಬೆಲೆ ಮೊದಲ ಬಾರಿಗೆ ಪೌಂಡಿಗೆ 4 ಡಾಲರ್ ದಾಟಿತು. ಅದರ ಬಿಸಿ ಊರಿನ ಪುಡಿ ಅಂಗಡಿಗೂ ತಟ್ಟಿದೆ. ಪಿಂಚಣಿಯಲ್ಲಿ ಕೊಂಡು ಕಳಿಸಿದ ಪುಡಿ ಕಪಾಟಿನಲ್ಲಿ ಕೆಡುವುದನ್ನು ನೋಡಿ ಸುಮ್ಮನಿರುವುದು ಈಗ ಇನ್ನೂ ದುಬಾರಿ.

ಹಾಗಾದರೆ ಏನು ಕಳಿಸಬೇಕು?

ಮೊದಲು ಒಂದು ಒಳ್ಳೆಯ ಫಿಲ್ಟರ್, ಸ್ಟೀಲ್ ಅಥವಾ ಹಿತ್ತಾಳೆಯದು. ಅದು ಕೆಡುವುದಿಲ್ಲ, ಇಲ್ಲಿ ಸುಲಭವಾಗಿ ಸಿಗುವುದೂ ಇಲ್ಲ. ಎರಡನೆಯದು ಬೇರೆಯಾಗಿ ಕಟ್ಟಿದ ನೂರೋ ಇನ್ನೂರೋ ಗ್ರಾಂ ಚಿಕೋರಿ. ಮೂರನೆಯದು ಪುಡಿ, ಆದರೆ ಕಾಲು ಕೆ.ಜಿ. ಮಾತ್ರ. ಹೊರಡುವವರು ಹೊರಡುವ ಹಿಂದಿನ ದಿನ ಹುರಿಸಿ, ಬೀಸಿಸಿ, ಗಾಳಿಯಾಡದಂತೆ ಸೀಲ್ ಮಾಡಿಸಿ. ಮೇಲೆ ತಾರೀಖು ಬರೆಯಿರಿ. ಹೊತ್ತು ತರುವವರು ಇಲ್ಲಿಳಿದಾಗ ಕಸ್ಟಮ್ಸ್ ಪ್ರಶ್ನೆಗೆ ಕಾಫಿ ಪುಡಿ ಇದೆ ಎಂದು ನೇರವಾಗಿ ಹೇಳಲಿ, ಮುಚ್ಚಿಡುವುದು ಬೇಡ.

ಮಕ್ಕಳಿಗೂ ಒಂದು ಮಾತು. ಊರಿಂದ ಬಂದ ಪೊಟ್ಟಣವನ್ನು ನನ್ನಂತೆ ಸರದಿಗೆ ನಿಲ್ಲಿಸಬೇಡಿ. ಬಂದ ದಿನವೇ ಬಿಚ್ಚಿ. ಹೆಚ್ಚಾಗಿದ್ದರೆ ಒಂದು ವಾರದ ಪುಡಿಯಂತೆ ಸಣ್ಣ ಡಬ್ಬಿಗಳಿಗೆ ಹಂಚಿ ಬಿಗಿಯಾಗಿ ಮುಚ್ಚಿ ಫ್ರೀಜರಿನಲ್ಲಿಡಿ. ಒಮ್ಮೆ ಹೊರತೆಗೆದ ಡಬ್ಬಿ ಮತ್ತೆ ಒಳಗೆ ಹೋಗಬಾರದು, ತೇವ ಕೂರುತ್ತದೆ. ಕೆಟ್ಟಿದ್ದರೆ ಕೆಟ್ಟಿದೆ ಎಂದು ಹೇಳಿ. ತಂದೆ ತಾಯಿ ಅದನ್ನು ತಾಳಿಕೊಳ್ಳುತ್ತಾರೆ. ಸುಳ್ಳು ಹೇಳಿದ್ದು ಗೊತ್ತಾದರೆ ಹೆಚ್ಚು ನೋಯುತ್ತಾರೆ.

ಅಮ್ಮನಿಗೆ ಈಗ 76. ಮತ್ತೆ ಇಲ್ಲಿಗೆ ಬರುವುದು ಕಷ್ಟ ಎನ್ನುತ್ತಾಳೆ. ಆದರೆ ಅಂಗಡಿಗೆ ಹೋಗುವುದು ನಿಂತಿಲ್ಲ. ಮೊದಲು ಅರ್ಧ ಕೆ.ಜಿ.ಗೆ ಹೋಗುತ್ತಿದ್ದವಳು ಈಗ ಕಾಲು ಕೆ.ಜಿ.ಗೆ ಮೂರು ತಿಂಗಳಿಗೊಮ್ಮೆ ಹೋಗುತ್ತಾಳೆ. ಯಾರೂ ಇತ್ತ ಹೊರಡದಿದ್ದರೆ ತಾನೇ ಕುಡಿಯಲು ನೂರು ಗ್ರಾಂ ತರುತ್ತಾಳೆ. ಅಂಗಡಿಯವರು ಈಗಲೂ ನನ್ನನ್ನು ವಿಚಾರಿಸುತ್ತಾರಂತೆ.

ಚಳಿಗಾಲದಲ್ಲಿ ಟೊರಾಂಟೊ ಸಮಯ ನಮ್ಮೂರಿಗಿಂತ ಹತ್ತೂವರೆ ಗಂಟೆ ಹಿಂದೆ. ಇಲ್ಲಿ ಬೆಳಿಗ್ಗೆ ಆರೂವರೆಗೆ ನಾನು ಲೋಟ ಹಿಡಿದಾಗ ಹಾಸನದಲ್ಲಿ ಸಂಜೆ ಐದು, ಅಮ್ಮನ ಸಂಜೆ ಕಾಫಿಯ ಹೊತ್ತು. ದಿನವೂ ಆ ಹೊತ್ತಿಗೆ ಫೋನ್ ಹಚ್ಚುತ್ತೇನೆ. ಹದಿನೈದು ನಿಮಿಷ, ಲೋಟ ಖಾಲಿಯಾಗುವವರೆಗೆ.

"ಇವತ್ತು ಹೇಗಿದೆಯೋ ಕಾಫಿ?" ಎಂದು ಕೇಳುತ್ತಾಳೆ.

"ಇವತ್ತು ಸ್ವಲ್ಪ ತೆಳ್ಳಗಾಯ್ತು ಅಮ್ಮ. ನೀರು ಹೆಚ್ಚಾಯ್ತು" ಎನ್ನುತ್ತೇನೆ. ಆಗಿರುವುದನ್ನೇ ಹೇಳುತ್ತೇನೆ.

"ನಾಳೆ ನೋಡಿ ಹಾಕು" ಎನ್ನುತ್ತಾಳೆ.